ಸೀಟ್ ಬೆಲ್ಟ್ ಕೊಕ್ಕೆ ತಲೆಕೆಳಗಾಗಿತ್ತು

ಪ್ರಾದೇಶಿಕ ವಿಮಾನವೊಂದರ ತಪಾಸಣೆಯಲ್ಲಿ ಒಂದು ಆಸನದ ಬೆಲ್ಟ್ ಎಳೆದಾಗ ಗಟ್ಟಿಯಾಗಿಯೇ ಇತ್ತು. ಆದರೆ ಪಟ್ಟಿ ಬುಡದಲ್ಲಿ ಅರ್ಧ ಸುತ್ತು ತಿರುಚಿಕೊಂಡಿತ್ತು. ಮೆತ್ತೆ ತೆಗೆದು ಟಾರ್ಚ್ ಹಿಡಿದು ನೋಡಿದೆ: ತುದಿಯ ಕೊಕ್ಕೆಯನ್ನು ತಲೆಕೆಳಗಾಗಿ ಸಿಕ್ಕಿಸಿದ್ದರು, ಕೊಕ್ಕೆಯ ಬಾಯಿ ಮುಚ್ಚುವ ಸ್ಪ್ರಿಂಗ್ ನಾಲಿಗೆ ಆಸನದ ಚೌಕಟ್ಟಿಗೆ ತಾಗಿ ಪೂರ್ತಿ ಮುಚ್ಚಿರಲಿಲ್ಲ. ನೇರವಾಗಿ ಎಳೆದರೆ ಹಿಡಿಯುತ್ತಿತ್ತು, ಸಡಿಲಬಿಟ್ಟು ಪಕ್ಕಕ್ಕೆ ವಾಲಿಸಿದರೆ ಜಾರಿ ಹೊರಬರುತ್ತಿತ್ತು. ನನಗೆ ಎದೆ ಝಲ್ಲೆಂದಿತು. ಎಳೆದು ನೋಡುವುದೊಂದೇ ಸಾಲದು ಎಂದು ನಾನು ಹೇಳುವುದು ಇದಕ್ಕೇ.

ಕೊಕ್ಕೆ ಬಿಚ್ಚಿ, ನಿರ್ವಹಣಾ ಕೈಪಿಡಿಯ ಚಿತ್ರದಂತೆ ತಿರುಗಿಸಿ ಸಿಕ್ಕಿಸಿದೆ. ನಾಲಿಗೆ ಟಕ್ಕೆಂದು ಮುಚ್ಚಿತು. ಬೆಲ್ಟನ್ನು ಎಲ್ಲ ದಿಕ್ಕಿಗೂ ಆಡಿಸಿ, ಹೊಲಿಗೆಯನ್ನೂ ಲೇಬಲನ್ನೂ ನೋಡಿದೆ. ಉಳಿದ ಆಸನಗಳಲ್ಲಿ ಇನ್ನೆರಡು ಹೀಗೆಯೇ ಇದ್ದವು. ಸರಿಪಡಿಸಿ, ದಾಖಲೆಯಲ್ಲಿ ಬರೆದು, ಇನ್ನೊಬ್ಬ ತಂತ್ರಜ್ಞರಿಂದ ಮರುಪರಿಶೀಲನೆ ಮಾಡಿಸಿದೆ.