ಆಟಿಯ ಮಳೆಯಲ್ಲಿ ಕವಿತೆಯ ಕಮ್ಮಟ: ಊರಿನವರೇ ನಡೆಸುವ ಬಗೆ

ಉಡುಪಿಯ ಸುತ್ತಮುತ್ತ ಕವಿತೆ ಬರೆಯುವವರಿಗೆ ಕೊರತೆಯಿಲ್ಲ. ಬರೆದದ್ದನ್ನು ಕೊನೆಯ ಸಾಲಿನವರೆಗೂ ಕಿವಿಗೊಟ್ಟು ಕೇಳುವ ಹತ್ತು ಮಂದಿ ಒಂದೆಡೆ ಸಿಗುವುದು ಮಾತ್ರ ಕಷ್ಟ. ಆದ್ದರಿಂದ ಕಮ್ಮಟ ನಡೆಸಬೇಕೆಂದು ಹೊರಟವರು ಉಪನ್ಯಾಸಕರನ್ನು ಹುಡುಕುವ ಮೊದಲು, ಗಮನವಿಟ್ಟು ನೋಡುವ, ಗಮನವಿಟ್ಟು ಕೇಳುವ ಅಭ್ಯಾಸಕ್ಕೆ ಎಷ್ಟು ಹೊತ್ತು ಕೊಡುತ್ತೇವೆ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಮುಂದೆ ವಿವರಿಸಿರುವುದು ವಾರಕ್ಕೊಂದು ಭಾನುವಾರದಂತೆ ಆರು ವಾರ, ಪ್ರತಿ ಸಲ ಎರಡು ಗಂಟೆ ನಡೆಯುವ, ದೊಡ್ಡ ಖರ್ಚಿಲ್ಲದ ಒಂದು ಕಮ್ಮಟದ ಕ್ರಮ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಆಟಿಯಷ್ಟು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳಷ್ಟು, ಒಳ್ಳೆಯ ಕಾಲ ಬೇರೆಯಿಲ್ಲ. ಮೇ ಕೊನೆಯ ವಾರದ ಪತ್ತನಾಜೆಯ ದಿನಕ್ಕೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿರುತ್ತವೆ, ಜುಲೈ ನಡುವಿಗೆ ನೇಜಿ (ಭತ್ತದ ಸಸಿ) ನೆಡುವ ಕೆಲಸವೂ ಬಹುಮಟ್ಟಿಗೆ ಮುಗಿದಿರುತ್ತದೆ. ಆಟಿಯಲ್ಲಿ ಮದುವೆ, ಗೃಹಪ್ರವೇಶಗಳು ನಡೆಯದ ಕಾರಣ ಸಭಾಭವನಗಳು ಖಾಲಿಯಿರುತ್ತವೆ. ಕೇಳಿದರೆ ಒಂದು ಕೋಣೆಯನ್ನು ಕಡಿಮೆ ಬಾಡಿಗೆಗೆ ಬಿಟ್ಟುಕೊಡುವವರೂ ಇದ್ದಾರೆ. ಅಷ್ಟಮಿ, ಚೌತಿಗಳು ಯಾವಾಗ ಬರುತ್ತವೆಂದು ಆ ವರ್ಷದ ಪಂಚಾಂಗದಲ್ಲಿ ನೋಡಿಕೊಂಡು ಅದಕ್ಕೆ ಮುಂಚೆ ಆರು ವಾರ ಮುಗಿಯುವಂತೆ ದಿನ ಗೊತ್ತುಮಾಡಬೇಕು. ರೆಡ್ ಅಲರ್ಟ್ ಇರುವ ದಿನ ಕಮ್ಮಟ ಬೇಡ. ತೋಡು (ಸಣ್ಣ ಹಳ್ಳ) ದಾಟಿ ಬರಬೇಕಾದವರೂ ಇರುತ್ತಾರೆ.

ಸ್ಥಳದ ವಿಚಾರದಲ್ಲಿ ಒಂದು ಎಚ್ಚರಿಕೆ ಅಗತ್ಯ. ತಗಡಿನ ಶೀಟು ಹೊದೆಸಿದ ಸಭಾಂಗಣದಲ್ಲಿ ಜೋರು ಮಳೆ ಬಿದ್ದಾಗ ಪಕ್ಕದವರ ಮಾತೂ ಕೇಳುವುದಿಲ್ಲ; ಮೈಕ್ ಹಿಡಿದು ಓದಿದರೆ ದನಿಯ ನಯವೆಲ್ಲ ಹೋಗುತ್ತದೆ. ಹಂಚಿನ ಮಾಡಿನ ಹಳೆಯ ಶಾಲೆಯ ತರಗತಿಯೋ ತಾರಸಿ ಕಟ್ಟಡದ ಒಳಕೋಣೆಯೋ ಇದ್ದರೆ ಉತ್ತಮ. ಹಳೆಯ ಮನೆಯೊಂದರ ಚಾವಡಿ ಸಿಕ್ಕಿದರೆ ಇನ್ನೂ ಒಳ್ಳೆಯದು. ವೇದಿಕೆ, ಬ್ಯಾನರ್, ಮುಖ್ಯ ಅತಿಥಿ, ಶಾಲು, ಸ್ಮರಣಿಕೆ ಇವು ಯಾವುವೂ ಬೇಡವೆಂದು ಮೊದಲೇ ಹೇಳಿಬಿಡಬೇಕು. ಎರಡು ಗಂಟೆಯಲ್ಲಿ ಅರ್ಧ ಗಂಟೆ ಸ್ವಾಗತ, ಧನ್ಯವಾದಗಳಿಗೆ ಹೋದರೆ ಕೊನೆಯ ಮೂವರಿಗೆ ಓದಲು ಸಮಯ ಉಳಿಯುವುದಿಲ್ಲ. ಚಾಪೆ ಅಥವಾ ಕುರ್ಚಿಗಳನ್ನು ಸುತ್ತಲೂ ಹಾಕಿ, ನಡೆಸುವವರೂ ಅದೇ ಸುತ್ತಿನಲ್ಲಿ ಕುಳಿತುಕೊಂಡು ತಾವೂ ಬರೆಯಬೇಕು.

ಹತ್ತು ಮಂದಿ ಸಾಕು, ಹನ್ನೆರಡಕ್ಕೆ ಮೀರಬಾರದು. ಒಬ್ಬರು ಓದಲು ಮೂರು ನಿಮಿಷ, ಉಳಿದವರು ಪ್ರತಿಕ್ರಿಯಿಸಲು ನಾಲ್ಕು ನಿಮಿಷ ಎಂದುಕೊಂಡರೂ ಹತ್ತು ಜನರಿಗೆ 70 ನಿಮಿಷ ಬೇಕು. ಮಿಕ್ಕ 50 ನಿಮಿಷದಲ್ಲೇ ಕುಳಿತು ಕೇಳುವುದು, ಬರೆಯುವುದು, ಚಹಾ ಎಲ್ಲವೂ ಆಗಬೇಕು. ಪ್ರತಿಯೊಬ್ಬರೂ ಗೆರೆಯಿರುವ ನೋಟ್ ಪುಸ್ತಕ, ಒಂದು ಪೆನ್ಸಿಲ್ ತರಲಿ. ಮಳೆಗಾಲದ ತೇವಕ್ಕೆ ಕಾಗದದ ಮೇಲೆ ಶಾಯಿ ಹರಡುತ್ತದೆ, ಪೆನ್ಸಿಲಿನ ಬರಹ ಉಳಿಯುತ್ತದೆ. ಮೊಬೈಲುಗಳು ಚೀಲದೊಳಗೆ ಸದ್ದಿಲ್ಲದೆ ಇರಲಿ.

ಮೊದಲ ಐದು ನಿಮಿಷ ಯಾರೂ ಮಾತನಾಡದೆ ಕುಳಿತುಕೊಳ್ಳುವುದು. ಇದು ಪೂಜೆಯಲ್ಲ, ಯಾವುದೇ ಧರ್ಮದ ಆಚರಣೆಯೂ ಅಲ್ಲವೆಂದು ಸ್ಪಷ್ಟವಾಗಿ ಹೇಳಬೇಕು. ಎಲ್ಲ ಸಮುದಾಯದವರೂ ನಿಶ್ಚಿಂತೆಯಿಂದ ಕುಳಿತುಕೊಳ್ಳುವಂತಾಗಲು ಈ ಮಾತು ಅಗತ್ಯ. ಕಣ್ಣು ಮುಚ್ಚಲೇಬೇಕೆಂಬ ನಿಯಮ ಬೇಡ, ನೆಲ ನೋಡುತ್ತ ಕುಳಿತರೂ ಸಾಕು. ಉಸಿರನ್ನು ಗಮನಿಸಲು ಹೋದರೆ ಕೆಲವರಿಗೆ ಎದೆ ಬಿಗಿದಂತಾಗುವುದುಂಟು. ಅಂಥವರು ಅಂಗಾಲು ನೆಲಕ್ಕೆ ತಾಗಿರುವುದನ್ನೋ ಹೊರಗಿನ ಸದ್ದನ್ನೋ ಗಮನಿಸಲಿ. ಮಾಡಿನಿಂದ ಇಳಿಯುವ ನೀರು, ದೂರದ ಬಸ್ಸಿನ ಹಾರನ್, ಪಕ್ಕದವರು ಕೊಡೆ ಕೊಡವಿದ ಸದ್ದು, ಹೀಗೆ ಕೇಳಿದ್ದನ್ನು ಮುಂದಿನ ಐದು ನಿಮಿಷದಲ್ಲಿ ಬಂದ ಕ್ರಮದಲ್ಲಿಯೇ ಬರೆದುಕೊಳ್ಳುವುದು. ಇದು ಕವಿತೆಯಾಗಬೇಕಾಗಿಲ್ಲ.

ಮೊದಲ ವಾರದ ಬರವಣಿಗೆಗೆ ಒಂದು ವಸ್ತುವನ್ನು ಕೈಗೆ ಕೊಡುವುದು ಒಳ್ಳೆಯದು. ಉಡುಪಿ ಬಳಿಯ ಶಂಕರಪುರದ ಮಲ್ಲಿಗೆ ಇದಕ್ಕೆ ಬಹಳ ಚೆನ್ನಾಗಿ ಒದಗುತ್ತದೆ. ಹೂವಿನ ಲೆಕ್ಕದಲ್ಲಿ ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ; ನಮಗೆ ಬೇಕಾಗಿರುವುದು ತಲಾ ಒಂದು ಗೇಣು ಉದ್ದದ ತುಂಡು ಮಾತ್ರ. ಏಳು ನಿಮಿಷ ಅದನ್ನು ನೋಡಿ, ಮುಟ್ಟಿ, ಮೂಸಿ, ಬೇಕಿದ್ದರೆ ಒಂದು ಗಂಟು ಬಿಚ್ಚಿ, ಆಮೇಲೆ ಹದಿನೈದು ನಿಮಿಷ ಬರೆಯಬೇಕು. ನಿಯಮ ಎರಡೇ: ‘ಸುಂದರ’, ‘ಮಧುರ’ದಂಥ ಪದಗಳು ಬೇಡ, ‘ಅದರಂತೆ, ಇದರಂತೆ’ ಎಂಬ ಹೋಲಿಕೆಯೂ ಈ ಒಂದು ದಿನದ ಮಟ್ಟಿಗೆ ಬೇಡ. ‘ಮಲ್ಲಿಗೆಯ ಕಂಪು ಮನಕೆ ಮುದ ತಂದಿತು’ ಎಂದು ಬರೆದವರಿಗೆ ಅದು ತಪ್ಪೆಂದು ಹೇಳುವ ಅಗತ್ಯವಿಲ್ಲ. ನಾರು ಎಲ್ಲಿದೆ, ಎಷ್ಟು ಸುತ್ತು ಸುತ್ತಿದೆ, ತುದಿಯನ್ನು ಹೇಗೆ ಮುಗಿಸಿದ್ದಾರೆ ಎಂದು ಕೇಳಿದರೆ ಸಾಕು. ಆಗ ಮರುಬರಹ ಹೀಗೆ ಬರಬಹುದು:

ಬಾಳೆನಾರು ತೊಟ್ಟಿನ ಕೆಳಗೆ ಎರಡು ಸುತ್ತು;
ಕಟ್ಟಿದವಳು ಹಲ್ಲಿನಲ್ಲಿ ಕಡಿದ ತುದಿ
ಇನ್ನೂ ಒದ್ದೆ.

‘ಮಲ್ಲಿಗೆಯ ಕಂಪು’ ಎಂಬ ಆ ಮೊದಲಿನ ಸಾಲನ್ನು ಯಾರು ಬೇಕಾದರೂ ಮಲ್ಲಿಗೆಯನ್ನು ನೋಡದೆಯೇ ಬರೆಯಬಹುದಿತ್ತು. ಮರುಬರಹದಲ್ಲಿ ಹೂ ಕಟ್ಟಿದ ಹೆಂಗಸು ಬಂದು ನಿಂತಿದ್ದಾಳೆ, ಅವಳ ಶ್ರಮವೂ ಬಂದಿದೆ. ಈ ವ್ಯತ್ಯಾಸವನ್ನು ಎಲ್ಲರೂ ತಾವಾಗಿ ಕಂಡುಕೊಳ್ಳುವವರೆಗೆ ಮೊದಲೆರಡು ವಾರ ಇದೇ ಬಗೆಯ ಅಭ್ಯಾಸವನ್ನು ಬೇರೆ ಬೇರೆ ವಸ್ತುಗಳೊಂದಿಗೆ ಮುಂದುವರಿಸಬೇಕು: ಒಡೆದ ಪುನರ್ಪುಳಿ, ಸುಲಿಯದ ಅಡಿಕೆ, ಮನೆಯಿಂದ ತಂದ ಹಳೆಯ ಬೀಗದ ಕೈ.

ಮೂರನೆಯ ವಾರವನ್ನು ಲಯಕ್ಕೆ ಮೀಸಲಿಡಬಹುದು. ಇಲ್ಲಿಯ ಜನರಿಗೆ ಛಂದಸ್ಸಿನ ಪುಸ್ತಕ ತೆರೆಯುವ ಮೊದಲೇ ಯಕ್ಷಗಾನದ ಹಾಡುಗಳಿಂದ ಕಿವಿ ಪಳಗಿರುತ್ತದೆ. ಅಲ್ಲಿ ಕೇಳಸಿಗುವ, ಆರು ಸಾಲಿನ ಭಾಮಿನಿ ಷಟ್ಪದಿಯ ನಡೆ ಮೂರು, ನಾಲ್ಕು ಮಾತ್ರೆಗಳದು; ಮಾತ್ರೆಯೆಂದರೆ ಅಕ್ಷರವನ್ನು ಉಚ್ಚರಿಸಲು ಹಿಡಿಯುವ ಕಾಲದ ಅಳತೆ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೂ ಅನುಸ್ವಾರ ಅಥವಾ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ‘ಮಳೆಯ ಹನಿಗಳು ಹಂಚ ಮೇಲಿನ’ ಎಂಬ ಸಾಲನ್ನು ಕೈತಟ್ಟುತ್ತ ಹೇಳಿ ನೋಡಿದರೆ ಮೂರು, ನಾಲ್ಕು, ಮೂರು, ನಾಲ್ಕು ಎಂದು 14 ಮಾತ್ರೆಗಳು ತಾವಾಗಿಯೇ ಬಿಡಿಬಿಡಿಯಾಗಿ ಕೇಳಿಸುತ್ತವೆ. ಪ್ರತಿಯೊಬ್ಬರೂ ಇಂಥ ನಾಲ್ಕು ಸಾಲು ಕಟ್ಟಲಿ, ಆಮೇಲೆ ಅದೇ ವಿಷಯವನ್ನು ಲೆಕ್ಕ ಬಿಟ್ಟು ಬರೆಯಲಿ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು (ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ನಿಯಮವನ್ನು) ಕೈಬಿಟ್ಟಾಗ ಅದರ ಒಳಹೊರಗನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮೊಗೇರಿಯಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರು ಮುಕ್ತ ಲಯದತ್ತ ಹೊರಳಿದ್ದೂ ಮಾತ್ರೆಗಳಲ್ಲಿ ಕೈ ಪಳಗಿಸಿಕೊಂಡ ಮೇಲೆ. ನಿಯಮವನ್ನು ಒಂದು ಸಲವಾದರೂ ಪಾಲಿಸಿ ನೋಡಿದವರಿಗೆ ಅದನ್ನು ಎಲ್ಲಿ ಮುರಿಯಬೇಕೆಂಬುದು ಗೊತ್ತಾಗುತ್ತದೆ ಎಂಬುದು ನನ್ನ ನಂಬಿಕೆ.

ಭಾಷೆಯ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಸುತ್ತಿನಲ್ಲಿ ಕುಳಿತ ಹತ್ತು ಮಂದಿಯ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ ಏನೇ ಇರಬಹುದು. ಟಿಪ್ಪಣಿಯನ್ನು ಮನೆಮಾತಿನಲ್ಲೇ, ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಲು ಹೇಳಬೇಕು. ಅಜ್ಜಿಯ ಅಡುಗೆಕೋಣೆಯ ನೆನಪು ತುಳುವಿನಲ್ಲಿದ್ದರೆ ಅದನ್ನು ಬರೆಯುವಾಗಲೇ ಗ್ರಂಥಸ್ಥ ಕನ್ನಡಕ್ಕೆ ತಿರುಗಿಸಹೊರಟವರ ಕೈಯಿಂದ ಅರ್ಧ ಜಾರಿಹೋಗುತ್ತದೆ. ಕವಿತೆಯಲ್ಲಿ ಮನೆಮಾತಿನ ಪದ ಹಾಗೆಯೇ ಉಳಿಯಲಿ. ಪದದ ಬೇರೆ ಬೇರೆ ರೂಪಗಳನ್ನು ತಿಳಿಯಬೇಕೆನ್ನುವವರು ಉಡುಪಿಯ ಎಂ.ಜಿ.ಎಂ. ಕಾಲೇಜು ಆವರಣದ ಗೋವಿಂದ ಪೈ ಸಂಶೋಧನ ಕೇಂದ್ರ ಸಿದ್ಧಪಡಿಸಿದ ಆರು ಸಂಪುಟಗಳ ತುಳು ನಿಘಂಟನ್ನು ನೋಡಬಹುದು.

ಇನ್ನು ಓದುವ, ಕೇಳುವ ಭಾಗ. ಕಮ್ಮಟ ಗೆಲ್ಲುವುದೂ ಸೋಲುವುದೂ ಇಲ್ಲಿಯೇ. ಅಮೆರಿಕದ ಆಮ್ಹರ್ಸ್ಟ್‌ನಲ್ಲಿ ಲೇಖಕಿ ಪ್ಯಾಟ್ ಶ್ನೈಡರ್ ಅವರು 1981ರಲ್ಲಿ ಆರಂಭಿಸಿದ ಬರವಣಿಗೆಯ ಕೂಟಗಳಲ್ಲಿ ಕೆಲವು ಕಟ್ಟುಪಾಡುಗಳಿದ್ದವು: ಆಗಷ್ಟೇ ಬರೆದದ್ದರ ತಪ್ಪು ಹುಡುಕುವಂತಿಲ್ಲ, ಕೂಟದಲ್ಲಿ ಕೇಳಿದ್ದನ್ನು ಹೊರಗೆ ಹೇಳುವಂತಿಲ್ಲ, ಬರಹದ ‘ನಾನು’ ಬರೆದವರೇ ಎಂದು ಭಾವಿಸುವಂತಿಲ್ಲ. ಒಬ್ಬರಿಗೊಬ್ಬರು ನೆಂಟರೋ ನೆರೆಯವರೋ ಆಗಿರುವ ನಮ್ಮ ಊರುಗಳಲ್ಲಿ ಮೂರನೆಯದು ಅತಿ ಮುಖ್ಯ. ಗಂಡನ ಮನೆಯ ಕಷ್ಟದ ಬಗ್ಗೆ ಸೊಸೆಯೊಬ್ಬಳು ನಾಲ್ಕು ಸಾಲು ಓದಿದರೆ ‘ಇದು ನಿಮ್ಮ ಅತ್ತೆಯವರ ವಿಷಯವೇ?’ ಎಂದು ಯಾರಾದರೂ ಕೇಳಿದ ಕ್ಷಣವೇ ಅವರು ಮುಂದಿನ ವಾರ ಬರುವುದನ್ನು ನಿಲ್ಲಿಸುತ್ತಾರೆ. ಆದ್ದರಿಂದ ‘ಕವಿತೆಯ ಹೆಂಗಸು’, ‘ಕವಿತೆಯ ಮಗ’ ಎಂದೇ ಮಾತನಾಡುವುದನ್ನು ರೂಢಿಸಬೇಕು. ‘ಚೆನ್ನಾಗಿತ್ತು’ ಎಂಬ ಮಾತಿಗೂ ಅವಕಾಶ ಬೇಡ. ಕೇಳಿದವರು ತಮ್ಮ ಕಿವಿಯಲ್ಲಿ ಉಳಿದ ಸಾಲನ್ನೋ ಪದವನ್ನೋ ಮರಳಿ ಹೇಳಲಿ, ಎಲ್ಲಿ ಚಿತ್ರ ಸ್ಪಷ್ಟವಾಗಿ ಕಂಡಿತೆಂದು ಹೇಳಲಿ. ತನ್ನ ಸಾಲು ಇನ್ನೊಬ್ಬರ ಬಾಯಿಂದ ಮರಳಿ ಬಂದಾಗ ಬರೆದವರಿಗೆ ಅದು ಹೊಸದಾಗಿ ಕೇಳಿಸುತ್ತದೆ. ಎಲ್ಲಿ ಸಡಿಲವಾಗಿದೆ ಎಂಬುದನ್ನು ಬೇರೆಯವರು ತೋರಿಸಬೇಕಾಗಿಲ್ಲ. ಓದಲು ಇಷ್ಟವಿಲ್ಲದವರಿಗೆ ಕಾರಣ ಕೇಳದೆ ಸರದಿಯನ್ನು ಮುಂದಕ್ಕೆ ದಾಟಿಸಬೇಕು.

ನೋವಿನ ವಿಷಯಗಳು ನಾಲ್ಕನೆಯ ವಾರದ ಹೊತ್ತಿಗೆ ಮೇಲೆ ಬರುತ್ತವೆ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಅವರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ ತಮ್ಮ ಬದುಕಿನ ಆಘಾತಗಳ ಕುರಿತು ಬರೆದಿದ್ದರು. ನಡೆದದ್ದರ ಜೊತೆಗೆ ಭಾವನೆಯನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ, ಆದರೆ ಬರೆದ ತಕ್ಷಣ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತು. ಹಾಗಾಗಿ ಅಂಥದ್ದನ್ನು ಬರೆದವರನ್ನು ಒಡನೆಯೇ ಮನೆಗೆ ಕಳುಹಿಸದೆ ಚಹಾದ ಹೊತ್ತು ಜೊತೆಗೆ ಕುಳಿತುಕೊಳ್ಳಬೇಕು. ಕಮ್ಮಟ ಚಿಕಿತ್ಸೆಯಲ್ಲ. ಯಾರಾದರೂ ತೀರ ಕುಗ್ಗಿದಂತೆ ಕಂಡರೆ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ನ್ನು ತಿಳಿಸಿ, ವೈದ್ಯರ ಬಳಿ ಹೋಗಲು ಜೊತೆಯಾಗಬೇಕು.

ಐದನೆಯ ವಾರ ತಿದ್ದುವುದಕ್ಕೆ. ಇದರಲ್ಲಿ ಹೇಳಲು ಹೆಚ್ಚಿಲ್ಲ: ಕವಿತೆಯನ್ನು ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ ಅವರು ತಡವರಿಸಿದ ಕಡೆ ಗುರುತು ಹಾಕಿಕೊಳ್ಳುವುದು, ಮೊದಲ ಎರಡು ಸಾಲು ತೆಗೆದರೂ ಕವಿತೆ ನಿಲ್ಲುವುದೇ ಎಂದು ನೋಡುವುದು. ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷದ ಟಿಪ್ಪಣಿ ಈ ಆರು ವಾರವೂ ನಡೆಯಬೇಕು. ಬೆಳಗಿನ ಚಹಾ ಮುಗಿದ ಕೂಡಲೇ ಎಂಬಂತೆ ಈಗಾಗಲೇ ಇರುವ ಯಾವುದಾದರೂ ರೂಢಿಯ ಬೆನ್ನಿಗೆ ಅದನ್ನು ಕಟ್ಟಿಕೊಂಡರೆ ತಪ್ಪುವುದಿಲ್ಲ.

ಕೊನೆಯ ವಾರ ಪ್ರತಿಯೊಬ್ಬರೂ ತಮ್ಮ ಒಂದು ಕವಿತೆಯನ್ನು ಒಂದೇ ಅಳತೆಯ ಹಾಳೆಯಲ್ಲಿ ಕೈಯಾರೆ ಬರೆದುಕೊಟ್ಟು, ಎಲ್ಲವನ್ನೂ ಹೊಲಿದು ಒಂದು ಕೈಬರಹದ ಪತ್ರಿಕೆ ಮಾಡಬಹುದು. ಹೆಸರು ಹಾಕಬೇಕೇ ಬೇಡವೇ ಎಂಬುದು ಬರೆದವರ ಇಷ್ಟ. ಮೂಲಪ್ರತಿಯನ್ನು ಊರಿನ ಗ್ರಂಥಾಲಯಕ್ಕೆ ಕೊಟ್ಟು, ನೆರಳಚ್ಚು ಪ್ರತಿಗಳನ್ನು ಹಂಚಿಕೊಂಡು, ಮುಂದೆ ತಿಂಗಳಿಗೊಮ್ಮೆ ಯಾರ ಮನೆಯ ಚಾವಡಿಯಲ್ಲಿ ಸೇರುವುದೆಂದು ಅಂದೇ ದಿನ ಗೊತ್ತುಮಾಡಿಕೊಳ್ಳಬೇಕು.