ಪಾತ್ರ ಆಮೇಲೆ ಕೇಳಿ, ಮೊದ್ಲು ಪ್ರಾಂಪ್ಟ್ ಮಾಡೋದು ಕಲೀರಿ

ಮುಂಬೈಯ ಕನ್ನಡ ನಾಟಕ ತಂಡಗಳಿಗೆ ಹೊಸಬರು ಬರೋದೇನೂ ನಿಂತಿಲ್ಲ. ಬರ್ತಾರೆ, ಬಂದ ದಿನವೇ "ನಂಗೆ ಯಾವ ಪಾತ್ರ ಸಾರ್" ಅಂತ ಕೇಳ್ತಾರೆ, ಸದ್ಯಕ್ಕೆ ಪಾತ್ರ ಇಲ್ಲ ಬ್ಯಾಕ್‌ಸ್ಟೇಜ್ ನೋಡ್ಕೊಳ್ಳಿ ಅಂದ್ರೆ ಮುಖ ಸಣ್ಣ ಮಾಡಿ ಹೂಂ ಅಂತಾರೆ, ಮುಂದಿನ ಭಾನುವಾರ ಅವರ ಮನೇಲಿ ನೆಂಟರು. ಉಳಿದವರಲ್ಲಿ ಒಬ್ಬರ ಕೈಗೆ ಸ್ಕ್ರಿಪ್ಟ್ ಕೊಟ್ಟು "ನೀವು ಪ್ರಾಂಪ್ಟ್ ಮಾಡಿ, ಏನಿಲ್ಲ, ನೋಡಿ ಓದಿದ್ರೆ ಆಯ್ತು" ಅಂತಾರೆ ನೋಡಿ, ಎಡವಟ್ಟು ಶುರುವಾಗೋದೇ ಅಲ್ಲಿಂದ. ಪ್ರಾಂಪ್ಟ್ ಅಂದ್ರೆ ವಿಂಗಲ್ಲಿ, ಅಂದ್ರೆ ರಂಗದ ಪಕ್ಕದ ಮರೆಯಲ್ಲಿ ನಿಂತು, ಮಾತು ಮರ್ತ ನಟರಿಗೆ ಸಾಲು ಎತ್ತಿ ಕೊಡೋದು. ನೋಡಿ ಓದಿದ್ರೆ ಆಗೋದಿಲ್ಲ ಮಾರಾಯ್ರೆ.

ನಾನು ಮೊದಲ ಸಲ ಪ್ರಾಂಪ್ಟ್ ಮಾಡಿದ್ದು ಒಂದು ಸಾಮಾಜಿಕ ನಾಟಕಕ್ಕೆ. ಕೊನೇ ದೃಶ್ಯದಲ್ಲಿ ಅಪ್ಪನ ಪಾತ್ರದವರು ಮಗನ ಎದುರು ನಿಂತು, ಕನ್ನಡಕ ತೆಗೆದು, ಪಂಚೆ ತುದಿಯಿಂದ ಒರೆಸಿ, ಮತ್ತೆ ಹಾಕ್ಕೊಂಡು, ಆಮೇಲೆ "ಊರಿನ ಮನೆ ಮಾರಿಬಿಟ್ಟೆ" ಅನ್ಬೇಕು. ಅವರು ಒರೆಸ್ತಾ ಇದ್ರು, ಒರೆಸ್ತಾನೇ ಇದ್ರು. ನಂಗೆ ಎದೆ ಢವಢವ, ಮರ್ತೇಬಿಟ್ರು ಅಂದ್ಕೊಂಡು ವಿಂಗಿನಿಂದ "ಊರಿನ ಮನೆ ಮಾರಿಬಿಟ್ಟೆ" ಅಂತ ಕೂಗಿಬಿಟ್ಟೆ. ಮೂರನೇ ಸಾಲಿಂದ ಒಬ್ರು "ಒಳಗಿದ್ದೋನು ಯಾಕಪ್ಪ ಮಾರಿದ" ಅಂದ್ರು, ಹಾಲಿಗೆ ಹಾಲೇ ನಕ್ಕಿತು. ಆ ಅಪ್ಪ ಎರಡು ತಿಂಗಳು ನನ್ನ ಹತ್ರ ಮಾತಾಡ್ಲಿಲ್ಲ. ಆಮೇಲೂ ಎಷ್ಟೋ ಜನ ಇದೇ ತಪ್ಪು ಮಾಡೋದನ್ನ ನೋಡಿದ್ದೀನಿ, ಅದಕ್ಕೇ ಇದನ್ನ ಬರೀತಿರೋದು.

ಮೊದಲ ಹೆಜ್ಜೆ, ಸೇರ್ಕೊಳ್ಳೋದು

ಇದು ಸುಲಭ, ತಾಲೀಮು ಎಲ್ಲಿ ನಡೀತದೆ ಅಂತ ತಿಳ್ಕೊಂಡು ಹೋಗಿ ಕೂತ್ರೆ ಆಯ್ತು. ಒಂದೇ ಎಚ್ಚರಿಕೆ, ಸ್ಟೇಷನ್. ಮೈಸೂರು ಅಸೋಸಿಯೇಷನ್, 1926ರಿಂದ ಇರೋ ಸಂಸ್ಥೆ, ಅದು ಮಾಟುಂಗಾ ಪೂರ್ವದಲ್ಲಿ, ಸೆಂಟ್ರಲ್ ಲೈನಿನ ಮಾಟುಂಗಾದಲ್ಲಿ ಇಳೀಬೇಕು. ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸಭಾಗೃಹ ಮಾಹಿಮ್ ಕಡೆ, ಅದಕ್ಕೆ ವೆಸ್ಟರ್ನ್ ಲೈನಿನ ಮಾಟುಂಗಾ ರೋಡ್. ಹೊಸಬರು ಒಂದಲ್ಲ ಒಂದು ದಿನ ತಪ್ಪಾದ ಮಾಟುಂಗಾದಲ್ಲಿ ಇಳ್ದು ಬೆವರು ಒರೆಸ್ಕೊಂಡು ಅರ್ಧ ಗಂಟೆ ಲೇಟಾಗಿ ಬಂದೇ ಬರ್ತಾರೆ.

ಎರಡನೇದು, ಟೈಮ್ ವಿಷಯದಲ್ಲಿ ಸತ್ಯ ಹೇಳಿ. ಆಫೀಸು, ಹೋಟೆಲು, ಬ್ಯಾಂಕು ಮುಗಿಸ್ಕೊಂಡು ಎಲ್ಲರೂ ಸೇರೋ ಹೊತ್ತಿಗೆ ಏಳೂವರೆ, ನಿಮ್ಗೆ ಡೊಂಬಿವಲಿಗೋ ವಿರಾರಿಗೋ ವಾಪಸ್ ಹೋಗ್ಬೇಕು ಅಂದ್ರೆ ಎಷ್ಟು ಗಂಟೆಯ ಲೋಕಲ್ ಹಿಡೀಬೇಕು ಅಂತ ಮೊದಲ ದಿನವೇ ಡೈರೆಕ್ಟರಿಗೆ ಹೇಳ್ಬಿಡಿ. ದಿನಾ ಬರ್ತೀನಿ ಅಂದು ವಾರಕ್ಕೊಂದು ದಿನ ಬರೋರಿಗಿಂತ ವಾರಕ್ಕೆ ಎರಡೇ ದಿನ ಅಂತ ಹೇಳಿ ಎರಡೂ ದಿನ ಬರೋರು ವಾಸಿ.

ಆಮೇಲೆ ಏನ್ ಕೆಲಸ ಅಂತ ಕೇಳಿದಾಗ ಪ್ರಾಂಪ್ಟಿಂಗ್ ಅನ್ನಿ. ಯಾಕೆ ಅಂದ್ರೆ ಇಲ್ಲಿ ಹುಟ್ಟಿ ಬೆಳೆದ ಹುಡುಗ್ರು ಮನೇಲಿ ಕನ್ನಡ ಚೆನ್ನಾಗೇ ಮಾತಾಡ್ತಾರೆ, ತುಳುನೂ ಮಾತಾಡ್ತಾರೆ, ಆದ್ರೆ ತುಂಬಾ ಜನಕ್ಕೆ ಕನ್ನಡ ಅಕ್ಷರ ಓದೋಕೆ ಬರೋದಿಲ್ಲ, ಡೈಲಾಗನ್ನ ದೇವನಾಗರಿಯಲ್ಲೋ ಇಂಗ್ಲಿಷ್ ಅಕ್ಷರದಲ್ಲೋ ಬರ್ಕೊಂಡು ಬಾಯಿಪಾಠ ಮಾಡ್ತಾರೆ. ಹಾಗಾಗಿ ಸರಸರ ಕನ್ನಡ ಓದೋರು ಅಂದ್ರೆ ತಂಡದಲ್ಲಿ ಬಂಗಾರ. ಮತ್ತೆ ಸ್ವಾರ್ಥದ ಮಾತು ಹೇಳ್ಬೇಕಂದ್ರೆ, ಎರಡು ತಿಂಗಳು ಪ್ರಾಂಪ್ಟ್ ಮಾಡಿದವರಿಗೆ ಇಡೀ ನಾಟಕ ಬಾಯಿಗೆ ಬಂದಿರ್ತದೆ, ಯಾರಿಗೋ ಜ್ವರ ಬಂದ್ರೆ ಬಣ್ಣ ಹಚ್ಚೋದು ನಿಮ್ಗೇ.

ಮೂರನೇದು, ಪುಸ್ತಕ ಕಟ್ಟಿ

ವಾಟ್ಸಾಪಲ್ಲಿ ಬಂದ ಪಿಡಿಎಫ್ ಇಟ್ಕೊಂಡು ಮೊಬೈಲಲ್ಲೇ ಮಾಡ್ತೀನಿ ಅನ್ನೋರಿದ್ದಾರೆ, ಬೇಡ. ಸ್ಕ್ರೀನ್ ತಾನಾಗೇ ಆರಿ ಹೋಗ್ತದೆ, ಬೆರಳು ತಾಗಿದ್ರೆ ನಾಲ್ಕು ಪುಟ ಮುಂದೆ ಜಾರ್ತದೆ, ಮುಖದ ಮೇಲೆ ಬೆಳಕು ಬಿದ್ದು ಸೈಡ್ ಸೀಟಿನೋರಿಗೆ ವಿಂಗಲ್ಲಿ ದೆವ್ವ ನಿಂತಂಗೆ ಕಾಣ್ತೀರಿ. ಎ-4 ಹಾಳೆ, ಒಂದೇ ಬದಿ ಪ್ರಿಂಟು, ಅಕ್ಷರ ಹದಿನಾರು ಪಾಯಿಂಟಿಗಿಂತ ಸಣ್ಣದು ಬೇಡ, ರಿಂಗ್ ಫೈಲು. ಸ್ಟೇಪಲ್ ಹೊಡೆದದ್ದು ಕತ್ತಲಲ್ಲಿ ಮಡಚೋಕೆ ಆಗೋದಿಲ್ಲ, ಮೇಲಾಗಿ ಪರಪರ ಸದ್ದು. ಎಡಗಡೆ ಖಾಲಿ ಇರೋ ಪುಟ ನಿಮ್ಮ ಗುರುತಿಗೆ. ಪೆನ್ಸಿಲ್ಲೇ ಬಳಸಿ, ಡೈರೆಕ್ಟರ್ ದಿನಾ ಬದಲಾಯಿಸ್ತಾರೆ. ಅಂದಹಾಗೆ ಮಹಾರಾಷ್ಟ್ರದಲ್ಲಿ ನಾಟಕದ ಸ್ಕ್ರಿಪ್ಟು ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಿಗೆ ಹೋಗಿ ಸರ್ಟಿಫಿಕೇಟ್ ಆಗ್ಬೇಕು, ಆ ಕಾಪಿ ಬೇರೆ ನಿಮ್ಮದು ಬೇರೆ ಆಗದ ಹಾಗೆ ನೋಡ್ಕೊಳ್ಳಿ.

ನಾಲ್ಕನೇದು, ಮೌನವನ್ನ ಬರ್ಕೊಳ್ಳಿ

ಎಲ್ಲರೂ ಕೆಡಿಸೋದು ಇಲ್ಲೇ, ಹಾಗಾಗಿ ನಿಧಾನ ಓದಿ. ಪ್ರಾಂಪ್ಟರ್ ಕೆಲಸ ಬರೀ ಮಾತು ಎತ್ತಿ ಕೊಡೋದಲ್ಲ, ನಟ ಸುಮ್ಮನಾದಾಗ ಅದು ನಾಟಕದ ಸುಮ್ಮನೋ ಮರ್ತ ಸುಮ್ಮನೋ ಅಂತ ಗುರುತಿಸೋದು. ಸ್ಕ್ರಿಪ್ಟ್ ಬಿಟ್ಟು ಆಡೋಕೆ ಶುರು ಮಾಡಿದ ದಿನದಿಂದ ಒಂದು ತಾಲೀಮನ್ನೂ ತಪ್ಪಿಸ್ಬೇಡಿ, ಯಾರು ಎಲ್ಲಿ ನಿಲ್ಲಿಸ್ತಾರೆ ಅಲ್ಲಿ ಒಂದು ಅಡ್ಡ ಗೀಟು, ಜಾಸ್ತಿ ಹೊತ್ತು ನಿಲ್ಲಿಸಿದ್ರೆ ಎರಡು ಗೀಟು, ಆ ಹೊತ್ತಲ್ಲಿ ಏನ್ ಮಾಡ್ತಾರೆ ಅಂತ ಪಕ್ಕದಲ್ಲಿ ಬರೀರಿ. "ಕನ್ನಡಕ ಒರೆಸ್ತಾರೆ, ಹಾಕ್ಕೊಂಡ ಮೇಲೆ ಮಾತು" ಅಂತ ನಾನು ಬರ್ಕೊಂಡಿದ್ದಿದ್ರೆ ಮಾನ ಉಳೀತಿತ್ತು.

ಮರ್ತವರನ್ನ ಹೇಗೆ ಗೊತ್ತು ಹಿಡಿಯೋದು? ಮುಖ ನೋಡ್ಬೇಡಿ, ಕೈ ನೋಡಿ. ಬೇಕಂತ ನಿಲ್ಲಿಸಿದವರ ಕೈ ಏನೋ ಒಂದು ಕೆಲಸ ಮಾಡ್ತಾ ಇರ್ತದೆ ಇಲ್ಲಾಂದ್ರೆ ನೆಮ್ಮದಿಯಾಗಿ ಸುಮ್ಮನೆ ಇರ್ತದೆ. ಮರ್ತವರ ಕೈ ಗಾಳಿಯಲ್ಲಿ ಅರ್ಧಕ್ಕೆ ನಿಂತಿರ್ತದೆ, ಎತ್ತಿದ ಲೋಟ ಬಾಯಿಗೂ ಹೋಗೋದಿಲ್ಲ ಟೇಬಲಿಗೂ ಇಳಿಯೋದಿಲ್ಲ. ಕೆಲವ್ರು ಹೇಳಿದ ಸಾಲನ್ನೇ ಇನ್ನೊಂದು ಸಲ ಹೇಳ್ತಾರೆ, ಕೆಲವ್ರು ಕೆಮ್ತಾರೆ, ಒಬ್ಬರು ಮಾಮ ಇದ್ದಾರೆ ಅವರು ಮರ್ತ್ರೆ ರಂಗದ ಮೇಲೆ ನಡಿಯೋಕೆ ಶುರು ಮಾಡ್ತಾರೆ. ಇದನ್ನೂ ಪುಸ್ತಕದಲ್ಲಿ ಬರ್ಕೊಳ್ಳಿ, ನಟರ ಹೆಸರು, ಮುಂದೆ ಅವರವರ ಲಕ್ಷಣ. ಮತ್ತೆ ಒಬ್ಬೊಬ್ಬರನ್ನೇ ಕೂರಿಸಿ ಕೇಳಿ, "ಅಣ್ಣ ನಿಮ್ಗೆ ಬೇಗ ಕೊಡ್ಲೋ ಕಾಯ್ಲೋ, ಅಕ್ಕ ನಿಮ್ಗೆ ಒಂದು ಶಬ್ದ ಸಾಕೋ ಪೂರ್ತಿ ಸಾಲು ಬೇಕೋ". ನಾಚ್ಕೋಬೇಡಿ, ಇದನ್ನ ಕೇಳಿದ್ರೆ ಯಾವ ಹಿರಿಯರಿಗೂ ಬೇಜಾರಾಗೋದಿಲ್ಲ, ಕೇಳದೇ ಇದ್ರೆ ಆಗ್ತದೆ.

ಐದನೇದು, ಕೊಡೋದು ಹೇಗೆ

ಕೈ ನಿಂತ ಮೇಲೆ ಮನಸ್ಸಲ್ಲೇ ಒಂದು, ಎರಡು ಎಣಿಸಿ. ಅಷ್ಟರಲ್ಲಿ ಎದುರಿನ ನಟ ಏನಾದ್ರೂ ಹೇಳಿ ಕಾಪಾಡ್ತಾನಾ ನೋಡಿ, ಇಲ್ಲಾಂದ್ರೆ ಕೊಡಿ, ತಡ ಮಾಡ್ಬೇಡಿ.

ಮೊದಲ ಶಬ್ದ ಕೊಟ್ರೆ ಸಾಕು ಅಂತ ಎಲ್ಲರೂ ಕಲಿಸ್ತಾರೆ, ನಾನು ಒಪ್ಪೋದಿಲ್ಲ. ನಮ್ಮ ನಾಟಕಗಳ ಸಾಲು ಶುರುವಾಗೋದೇ "ಅಲ್ಲ ಕಣೋ", "ನೋಡು", "ಅಯ್ಯೋ ದೇವ್ರೆ" ಇಂಥದ್ರಿಂದ. ನೀವು "ನೋಡು" ಅಂತ ಕೊಟ್ರೆ ನಟ ತಲೇಲಿ ಯಾವ "ನೋಡು" ಅಂತ ಹುಡುಕ್ತಾ ನಿಲ್ತಾನೆ, ಸ್ಕ್ರಿಪ್ಟಲ್ಲಿ ನಲ್ವತ್ತು "ನೋಡು" ಇರ್ತದೆ. "ನೋಡು ರಾಮಣ್ಣ, ಬ್ಯಾಂಕಿನವ್ರು ಬಂದ್ರೆ ಕೀಲಿ ಕೊಡ್ಬೇಡ" ಅನ್ನೋ ಸಾಲಿಗೆ "ಬ್ಯಾಂಕಿನವ್ರು" ಅಂತ ಕೊಡಿ, ಉಳಿದದ್ದು ತಾನಾಗೇ ಬರ್ತದೆ. ಪ್ರತಿ ಸಾಲಲ್ಲೂ ಇಂಥ ಹಿಡಿಕೆ ಇರ್ತದೆ, ಮನೇಲಿ ಕೂತು ಅದರ ಅಡಿಗೆ ಗೆರೆ ಎಳ್ಕೊಂಡು ಬನ್ನಿ. ಇಡೀ ಸ್ಕ್ರಿಪ್ಟಿಗೆ ಎರಡು ರಾತ್ರಿ ಸಾಕು.

ಪಿಸುಗುಟ್ಬೇಡಿ. ಪಿಸುಮಾತಲ್ಲಿ ಸ, ಶ, ಚ ಎಲ್ಲಾ ಹಿಸ್ ಅಂತ ಪ್ರೇಕ್ಷಕರಿಗೆ ಕೇಳ್ತದೆ, ನಟನಿಗೆ ಮಾತ್ರ ಶಬ್ದ ತಿಳಿಯೋದಿಲ್ಲ. ತಗ್ಗಿದ ಗಟ್ಟಿ ದನಿ ಬೇಕು, ರಶ್ಶಿನ ಲೋಕಲಲ್ಲಿ ಮುಂದೆ ನಿಂತವರಿಗೆ "ದಾದರ್ ಇಳೀತೀರಾ" ಅಂತ ಕೇಳ್ತೀವಲ್ಲ, ಅದೇ ದನಿ. ಭಾವ ಸೇರಿಸ್ಬೇಡಿ. ಅಳೋ ಸಾಲನ್ನ ಅಳ್ತಾ ಪ್ರಾಂಪ್ಟ್ ಮಾಡಿದವರನ್ನ ನೋಡಿದ್ದೀನಿ, ನಟನಿಗೆ ನಗು ತಡ್ಕೊಳ್ಳೋಕಾಗ್ಲಿಲ್ಲ.

ಸ್ಕ್ರಿಪ್ಟಲ್ಲಿ ಹೇಗಿದ್ಯೋ ಹಾಗೇ ಕೊಡಿ. ನಮ್ಮ ತಂಡಗಳಲ್ಲಿ ನಾಟಕ ಧಾರವಾಡದ್ದು, ಆಡೋರು ಉಡುಪಿ ಕುಂದಾಪುರದೋರು, ಗೌಡನ ವೇಷ ಹಾಕ್ಕೊಂಡು "ನಂಗೆ ಹೋಗ್ಲಿಕ್ಕೆ ಉಂಟು" ಅಂತ ಬಾಯಿ ತಪ್ಪಿ ಬಂದೇ ಬರ್ತದೆ. ಬರ್ಲಿ. ಬಂದದ್ದನ್ನ ವಿಂಗಿನಿಂದ ತಿದ್ದೋಕೆ ಹೋದ್ರೆ ಇದ್ದ ಸಾಲೂ ಹಾರಿ ಹೋಗ್ತದೆ. ತಿದ್ದೋದೆಲ್ಲ ತಾಲೀಮಲ್ಲಿ.

ಪುಟ ಹಾರಿದ್ರೆ?

ಇದು ಮರೆಯೋದಕ್ಕಿಂತ ದೊಡ್ಡ ಕಂಟಕ. ಸಾಮಾನ್ಯವಾಗಿ ಒಂದೇ ಥರದ ಸಾಲು ಎರಡು ಕಡೆ ಇದ್ರೆ ಹಾರ್ತಾರೆ, ಮೊದಲ ಅಂಕದಲ್ಲೂ "ಯಾರದು ಬಾಗಿಲಲ್ಲಿ", ಎರಡನೇ ಅಂಕದಲ್ಲೂ "ಯಾರದು ಬಾಗಿಲಲ್ಲಿ" ಅಂತ ಇದ್ರೆ ಉತ್ತರ ಕೊಡೋರು ಒಂದು ದಿನ ತಪ್ಪು ಅಂಕದ ಉತ್ತರ ಕೊಡ್ತಾರೆ, ನಾಟಕ ಸೀದಾ ಅಲ್ಲಿಗೇ ಹೋಗ್ತದೆ. ಇಂಥ ಅವಳಿ ಸಾಲು ಮೊದ್ಲೇ ಹುಡುಕಿ ಎರಡೂ ಕಡೆ ಕೆಂಪು ಗುರುತು ಹಾಕಿ, ಇನ್ನೊಂದು ಎಷ್ಟನೇ ಪುಟದಲ್ಲಿದೆ ಅಂತ ಬರೀರಿ. ಹಾಗೇ ಯಾವ ಸಾಲು ಬಿಟ್ಟುಹೋದ್ರೆ ಕಥೆ ತಿಳಿಯೋದಿಲ್ಲ (ಕಾಗದ ಬಂದದ್ದು, ಸಾಲ ಮಾಡಿದ್ದು, ಮಗಳು ಓಡಿಹೋದದ್ದು) ಅದಕ್ಕೂ ಗುರುತು. ಹಾರಿದ ಭಾಗದಲ್ಲಿ ಅಂಥ ಸಾಲು ಇಲ್ಲಾಂದ್ರೆ ಬಿಟ್ಟುಬಿಡಿ, ನಾಟಕ ಐದು ನಿಮಿಷ ಬೇಗ ಮುಗೀತದೆ, ಪ್ರೇಕ್ಷಕರಿಗೆ ಗೊತ್ತೂ ಆಗೋದಿಲ್ಲ. ಇದ್ರೆ ಮಾತ್ರ, ಹಾರಿದವರಿಗೆ ಅಲ್ಲ, ರಂಗದ ಮೇಲಿರೋ ಗಟ್ಟಿಗರಿಗೆ ಆ ಸಾಲು ಕೊಡಿ. ಹಾರಿದವರಿಗೆ ತಾನು ಹಾರಿದ್ದೇ ಗೊತ್ತಿರೋದಿಲ್ಲ, "ವಾಪಸ್ ಬನ್ನಿ" ಅಂದ್ರೆ ಗಾಬರಿಯಾಗಿ ನಿಂತೇಬಿಡ್ತಾರೆ.

ಶೋ ದಿನ

ಬೇಗ ಹೋಗಿ ಜಾಗ ಹಿಡೀರಿ. ರಂಗದ ಮುಂಭಾಗಕ್ಕೆ ಹತ್ತಿರದ ವಿಂಗು, ನಟರ ಕೈ ಕಾಣ್ಬೇಕು, ಎಂಟ್ರಿ ಎಕ್ಸಿಟ್ ಇರೋ ದಾರಿ ಆಗ್ಬಾರ್ದು, ಮುಂದಿನ ಮೈಕ್ ನಿಮ್ಮ ಕಡೆ ಮುಖ ಮಾಡಿರ್ಬಾರ್ದು. ಫ್ಯಾನ್ ಪಕ್ಕ ಬೇಡ, ನಿಮ್ಮ ದನಿ ಅದಕ್ಕೇ ಹೋಗ್ತದೆ. ದಾದರ್ ಸ್ಟೇಷನ್ ಹೊರಗೆ ಸಿಗೋ ಅಗ್ಗದ ಕ್ಲಿಪ್ ಲೈಟು ತಗೋಬೇಡಿ, ಮೊದಲ ಅಂಕದಲ್ಲಿ ಕಣ್ಣು ಕುಕ್ತದೆ ಎರಡನೇ ಅಂಕದಲ್ಲಿ ಸತ್ತಿರ್ತದೆ. ಸೆಲ್ ಹಾಕೋ ಸಣ್ಣ ಟಾರ್ಚು, ಅದಕ್ಕೆ ಎರಡು ಪದರ ನೀಲಿ ಜಿಲೆಟಿನ್ ಕಾಗದ, ರಬ್ಬರ್ ಬ್ಯಾಂಡ್, ಇಷ್ಟೇ. ಕತ್ತಲಲ್ಲಿ ಕುರ್ಚಿ ಇಡೋ ಜಾಗಕ್ಕೆ ರೇಡಿಯಂ ಟೇಪ್ ಅಂಟಿಸೋರು ಅದರ ಮೇಲೆ ಮೊದ್ಲು ಬೆಳಕು ಬಿದ್ರೆ ಮಾತ್ರ ಅದು ಹೊಳೆಯೋದು ಅನ್ನೋದನ್ನ ಮರೀತಾರೆ.

ಜಿಲೆಟಿನ್ ಕಾಗದ ಲೈಟಿನೋರ ಹತ್ರ ಸಿಗ್ತದೆ. ಅವರು ಸಾಮಾನ್ಯವಾಗಿ ಮರಾಠಿಯೋರು, ಕನ್ನಡ ಬರೋದಿಲ್ಲ, "ಅವನು ಹಾಗಂದ ಕೂಡ್ಲೇ ಲೈಟ್ ಆಫ್" ಅಂತ ಬರ್ದು ಕೊಟ್ರೆ ಏನ್ ಮಾಡ್ಬೇಕು ಪಾಪ. ಕ್ಯೂಗಳಿಗೆ, ಅಂದ್ರೆ ಲೈಟ್ ಬದಲಾಗೋ ಜಾಗಗಳಿಗೆ, ನಂಬರ್ ಹಾಕಿ, ದೇವನಾಗರಿಯಲ್ಲಿ ಒಂದು ಹಾಳೆ ಬರ್ದು, ನಿಮ್ಮ ಕಡೆಯೋರೊಬ್ರನ್ನ ಅವರ ಪಕ್ಕ ಕೂರಿಸಿ "ದಾದಾ, ಸಾತ್" ಅಂದ್ರೆ ಏಳನೇ ನಂಬರಿನ ಲೈಟ್ ಬೀಳ್ಬೇಕು. ಮಧ್ಯೆ ಚಾ ಕುಡಿಯುವಾಗ ಹೇಳಿ, 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು ಸೀತಾ ಸ್ವಯಂವರ ಆಡಿಸಿದ್ರಲ್ಲ, ಮರಾಠಿ ರಂಗಭೂಮಿ ಶುರುವಾಯ್ತು ಅಂತ ನವೆಂಬರ್ 5ಕ್ಕೆ ನೀವು ದಿನ ಆಚರಿಸ್ತೀರಲ್ಲ, ಅದಕ್ಕೆ ಪ್ರೇರಣೆ ನಮ್ಮ ಕಡೆಯಿಂದ ಹೋದ ಭಾಗವತರ ಮೇಳ ಅಂತ. ನಾನು ಹೇಳಿದಾಗ ಒಬ್ಬ ದಾದಾ "ಮಗ್ ಪೈಸೆ ಕಮೀ ಕರೂ ಕಾ" (ಹಾಗಾದ್ರೆ ದುಡ್ಡು ಕಮ್ಮಿ ಮಾಡ್ಲಾ) ಅಂತ ನಕ್ಕು, ಕಮ್ಮಿ ಏನೂ ಮಾಡ್ಲಿಲ್ಲ, ಜಿಲೆಟಿನ್ ಮಾತ್ರ ಎರಡು ಹಾಳೆ ಜಾಸ್ತಿ ಕೊಟ್ಟ.

ವೇಷಭೂಷಣ, ಚಾ, ಟಿಕೆಟ್ ಟೇಬಲ್ ಇವೆಲ್ಲ ಅಲ್ಲಿ ನಿಂತು ನೋಡಿದ್ರೆ ಒಂದು ಸಂಜೇಲಿ ಬರ್ತದೆ. ಪ್ರಾಂಪ್ಟರ್ ಮಾತ್ರ ಶೋ ಟೈಮಲ್ಲಿ ಇದ್ಯಾವುದಕ್ಕೂ ಕೈ ಹಾಕ್ಬಾರ್ದು, "ಒಂದ್ನಿಮಿಷ ಈ ಸೀರೆ ಹಿಡ್ಕೋ" ಅಂದ್ರೂ ಇಲ್ಲ ಅನ್ನಿ. ಬೆರಳು ಸಾಲಿನ ಮೇಲೇ ಇರ್ಬೇಕು, ಎಲ್ಲಾ ಚೆನ್ನಾಗಿ ನಡೀತಿರುವಾಗಲೂ.

ಪರದೆ ಬಿದ್ದ ಮೇಲೆ ನೀವು ಮೂರು ಸಲ ಮಾತು ಕೊಟ್ಟ ಮಾಮ ಬಂದು "ನಂಗೆ ಎಲ್ಲಾ ನೆನಪಿತ್ತು, ಬೇಕಂತ್ಲೇ ನಿಲ್ಸಿದ್ದು" ಅಂತಾರೆ. "ಹೌದು ಮಾಮ" ಅನ್ನಿ. ಆಮೇಲೆ ಲೋಕಲಲ್ಲಿ ಸೀಟ್ ಸಿಕ್ಕಿದ್ರೆ ಪುಸ್ತಕ ತೆಗೆದು ಆ ಮೂರು ಜಾಗಕ್ಕೂ ಗುರುತು ಹಾಕ್ಕೊಳ್ಳಿ, ಮುಂದಿನ ಶೋದಲ್ಲೂ ಅವರು ಅಲ್ಲೇ ನಿಲ್ಲಿಸ್ತಾರೆ.