ಡೀಲರ್ ಬಚ್ಚಿಟ್ಟ ಟ್ರ್ಯಾಕರ್: ನನ್ನ ಕಾರಿನಲ್ಲಿ ಹುಡುಕಿದ್ದು, ತೆಗೆದದ್ದು, ಖಾತೆ ಮುಚ್ಚಿಸಿದ್ದು

ಸಾಲ ಮಾಡದೆ, ಪೂರ್ತಿ ಹಣ ಕೊಟ್ಟು ಕೊಂಡ ಕಾರು ಅದು. ಅದರ ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಫಲಕದ ಹಿಂದೆ, ಬೇರೆ ಯಾರದೋ ಹೆಸರಿನ ಸಿಮ್ ಇದ್ದ ಒಂದು ಕಪ್ಪು ಪೆಟ್ಟಿಗೆ ಸಿಕ್ಕಿತು. ಹಾಕಿದ್ದು ಕಾರು ಮಾರಿದ ಡೀಲರ್. ಮಾರುವಾಗ ಆ ವಿಷಯ ಯಾರೂ ಬಾಯಿಬಿಟ್ಟಿರಲಿಲ್ಲ. ಅದನ್ನು ಹುಡುಕುವುದು ಒಂದು ಕೆಲಸ, ಬಿಚ್ಚಿ ತೆಗೆಯುವುದು ಇನ್ನೊಂದು, ಅದು ಮಾಹಿತಿ ಕಳಿಸುತ್ತಿದ್ದ ಸರ್ವರ್‌ನಲ್ಲಿ ನನ್ನ ಕಾರಿನ ಖಾತೆ ಮುಚ್ಚಿಸುವುದು ಮತ್ತೊಂದು. ಬಹಳ ಜನ ಎರಡನೆಯದು ಮುಗಿದ ಕೂಡಲೇ ನೆಮ್ಮದಿಯಾಗಿಬಿಡುತ್ತಾರೆ. ಮೂರನೆಯದು ಆಗದಿದ್ದರೆ ಕೆಲಸ ಅರ್ಧವೇ ಆಗಿರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೇ ಮಾಡಿದ್ದನ್ನೆಲ್ಲ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನಾನು ವಾಹನಗಳ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ಅನುಮಾನ ಹುಟ್ಟಿದ್ದು ಬ್ಯಾಟರಿಯಿಂದ. ಕೆಲವು ದಿನ ನಿಂತರೆ ಸಾಕು, ಸೆಲ್ಫ್ ಹೊಡೆಯುವಾಗ ಎಂಜಿನ್ ಸೋತಂತೆ ತಿರುಗುತ್ತಿತ್ತು. ಬ್ಯಾಟರಿ ಹೊಸದು, ಚಾರ್ಜಿಂಗ್ ಸರಿಯಾಗಿತ್ತು. ಹಾಗಾದರೆ ಗಾಡಿ ನಿಂತಿರುವಾಗ ಏನೋ ಒಂದು ಕರೆಂಟ್ ಹೀರುತ್ತಿದೆ ಎಂದೇ ಅರ್ಥ.

ಇದನ್ನು ಅಳೆಯಲು ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್‌ಗೂ ಟರ್ಮಿನಲ್‌ಗೂ ನಡುವೆ ಮಲ್ಟಿಮೀಟರ್ ಅನ್ನು 10 ಆಂಪ್ ರೇಂಜ್‌ನಲ್ಲಿ ಸೇರಿಸಬೇಕು. ಮೀಟರ್ ಹೀಗೆ ಕೂತಿರುವಾಗ ಇಗ್ನಿಷನ್ ಆನ್ ಮಾಡಬಾರದು, ಸೆಲ್ಫ್ ಅಂತೂ ಹೊಡೆಯಲೇಬಾರದು, ಮೀಟರಿನ ಫ್ಯೂಸ್ ಸುಟ್ಟುಹೋಗುತ್ತದೆ. ಬಾಗಿಲು ತೆರೆದಿಟ್ಟು ಕೆಲಸ ಮಾಡಬೇಕಾದರೆ ಸ್ಕ್ರೂಡ್ರೈವರ್‌ನಿಂದ ಅದರ ಲಾಕ್ ಅನ್ನು ಮುಚ್ಚಿದ ಸ್ಥಿತಿಗೆ ತಳ್ಳಿಡಿ, ಇಲ್ಲವಾದರೆ ಬಾಗಿಲು ತೆರೆದಿದೆ ಎಂದು ಕಾರು ಎಚ್ಚರವಾಗಿಯೇ ಇರುತ್ತದೆ. ಈಗಿನ ಕಾರುಗಳ ಕಂಪ್ಯೂಟರ್ ಘಟಕಗಳು ತಕ್ಷಣ ಮಲಗುವುದಿಲ್ಲ. ಅರ್ಧ ಗಂಟೆ, ಕೆಲವು ಮಾದರಿಗಳಲ್ಲಿ ಅದಕ್ಕಿಂತ ಹೆಚ್ಚು ಕಾಯಬೇಕು. ಎಲ್ಲವೂ ಮಲಗಿದ ಮೇಲೆ ಸಾಮಾನ್ಯವಾಗಿ 50 ಮಿಲಿಆಂಪ್‌ಗಿಂತ ಕಡಿಮೆ ತೋರಿಸಬೇಕು. ಅದರ ಮೇಲೆ ಇನ್ನೊಂದು 50 ಮಿಲಿಆಂಪ್ ಸೇರಿದರೂ ಅದೇನು ಮಹಾ ಅನ್ನಿಸಬಹುದು. ಆದರೆ ಲೆಕ್ಕ ಹಾಕಿ: ಬರೀ 50 ಮಿಲಿಆಂಪ್ ಎಂದರೆ ದಿನಕ್ಕೆ 1.2 ಆಂಪಿಯರ್ ಅವರ್. 45 ಆಂಪಿಯರ್ ಅವರ್‌ನ ಬ್ಯಾಟರಿ ಮೂರು ವಾರದಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿದಿರುತ್ತದೆ.

ನನಗೆ ಸುಳಿವು ಕೊಟ್ಟದ್ದು ಕರೆಂಟಿನ ಪ್ರಮಾಣಕ್ಕಿಂತ ಅದರ ನಡವಳಿಕೆ. ಮೀಟರ್ ಶಾಂತವಾಗಿ ಕೂತಿರುತ್ತಿತ್ತು. ಆಗಾಗ, ಸಮನಾದ ಅಂತರದಲ್ಲಿ, ಒಮ್ಮೆಲೇ ಮೇಲೆ ಹಾರಿ ಕೆಲವು ಸೆಕೆಂಡುಗಳಲ್ಲಿ ಮತ್ತೆ ಇಳಿಯುತ್ತಿತ್ತು. ಕೆಟ್ಟ ರಿಲೇಯೋ (ಕರೆಂಟಿನಿಂದಲೇ ತೆರೆದು ಮುಚ್ಚುವ ಸ್ವಿಚ್), ಉರಿಯುತ್ತಲೇ ಉಳಿದ ಡಿಕ್ಕಿ ಲೈಟೋ ಹೀಗೆ ಮಾಡುವುದಿಲ್ಲ, ಅವು ಒಂದೇ ಸಮನೆ ಹೀರುತ್ತವೆ. ಗಡಿಯಾರ ನೋಡಿಕೊಂಡು ಎದ್ದು ಮಲಗುವುದು ಮೋಡೆಮ್, ಅಂದರೆ ಮೊಬೈಲ್ ನೆಟ್‌ವರ್ಕ್ ಮೂಲಕ ಮಾಹಿತಿ ಕಳಿಸುವ ಭಾಗ. ಕಾರಿನ ಕಾರ್ಖಾನೆಯ ಮೋಡೆಮ್ ಕೂಡ ಹೀಗೆ ಮಾಡಬಹುದು, ಆದರೆ ನನ್ನ ಮಾದರಿಯಲ್ಲಿ ಅದು ಇರಲೇ ಇಲ್ಲ.

ಮುಂದೆ ಯಾವ ದಾರಿಯಲ್ಲಿ ಕರೆಂಟ್ ಹೋಗುತ್ತಿದೆ ಎಂದು ನೋಡಬೇಕು. ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ನೋಡುವ ಹಳೆಯ ಪದ್ಧತಿ ನನಗೆ ಇಷ್ಟವಿಲ್ಲ. ಕಿತ್ತ ಫ್ಯೂಸ್ ಮತ್ತೆ ಹಾಕಿದಾಗ ಮಲಗಿದ್ದ ಘಟಕಗಳು ಎದ್ದುಬಿಡುತ್ತವೆ, ಮತ್ತೆ ಕಾಯಬೇಕಾಗುತ್ತದೆ. ಬದಲಿಗೆ ಪ್ರತಿ ಫ್ಯೂಸಿನ ತಲೆಯ ಮೇಲೆ ಕಾಣುವ ಎರಡು ಲೋಹದ ಚುಕ್ಕಿಗಳಿಗೆ ಪ್ರೋಬ್ ತಾಗಿಸಿ ಮಿಲಿವೋಲ್ಟ್ ಅಳೆಯುತ್ತೇನೆ. ಕರೆಂಟ್ ಹರಿಯದ ಫ್ಯೂಸ್ ಸೊನ್ನೆ ತೋರಿಸುತ್ತದೆ. ಹರಿಯುವುದರಲ್ಲಿ ಮಿಲಿವೋಲ್ಟಿನ ಸಣ್ಣ ಭಾಗವಾದರೂ ಕಾಣುತ್ತದೆ, ಅದಕ್ಕೆ ಸೂಕ್ಷ್ಮ ಮೀಟರ್ ಬೇಕು. ನನ್ನ ಕಾರಿನಲ್ಲಿ ಇಗ್ನಿಷನ್ ಸ್ವಿಚ್‌ಗೆ ಹೋಗುವ ಸಾಲಿನಲ್ಲಿ ಅದು ಕಂಡಿತು. ಅಂದರೆ ಸ್ಟೀರಿಂಗ್ ಕೆಳಗೆ ಹುಡುಕಬೇಕು.

ಪೆಟ್ಟಿಗೆ ಸಿಗುವ ಜಾಗಗಳು ಹೆಚ್ಚೇನಿಲ್ಲ. ಮೊದಲು ನೋಡಬೇಕಾದದ್ದು ಓಬಿಡಿ ಪೋರ್ಟ್, ಅಂದರೆ ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚುವ 16 ಪಿನ್ನಿನ ಜಾಗ. ಅದರ 16ನೇ ಪಿನ್‌ನಲ್ಲಿ ಬ್ಯಾಟರಿಯ ಕರೆಂಟ್ ಸದಾ ಇರುವುದರಿಂದ ಟ್ರ್ಯಾಕರ್‌ಗೆ ಅದಕ್ಕಿಂತ ಸುಲಭದ ಆಸರೆ ಬೇರೆ ಇಲ್ಲ. ಅಲ್ಲಿ ಏನೂ ಚುಚ್ಚಿಲ್ಲ ಎಂದು ಎದ್ದುಬಿಡಬೇಡಿ. ಮೂಲ ಪೋರ್ಟನ್ನು ಒಳಕ್ಕೆ ತಳ್ಳಿ, ಕವಲು ಕೇಬಲ್‌ನ ಒಂದು ಬಾಯಿಗೆ ಟ್ರ್ಯಾಕರ್ ಸೇರಿಸಿ, ಇನ್ನೊಂದು ಬಾಯಿಯನ್ನು ಮೂಲ ಜಾಗದಲ್ಲಿ ಕೂರಿಸುವುದುಂಟು. ಮೇಲಿಂದ ನೋಡಿದರೆ ವ್ಯತ್ಯಾಸವೇ ತಿಳಿಯದು. ಉಳಿದಂತೆ ಮ್ಯೂಸಿಕ್ ಸಿಸ್ಟಮ್ ಹಿಂಭಾಗ, ಗ್ಲೋವ್ ಬಾಕ್ಸ್ ಹಿಂದೆ, ಸೀಟಿನಡಿ, ಹಿಂದಿನ ಗಾಜಿನ ಕೆಳಗಿನ ಹಲಗೆ, ಬಂಪರ್ ಒಳಗೆ. ಟ್ರ್ಯಾಕರ್ ತಾನಿರುವ ಜಾಗ ತಿಳಿಯಲು ಬಳಸುವ ಉಪಗ್ರಹದ ಸಂಕೇತ ಬಹಳ ಕ್ಷೀಣ, ಲೋಹ ದಾಟಲಾರದು. ಆದ್ದರಿಂದ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಪ್ಲಾಸ್ಟಿಕ್, ಬಟ್ಟೆ ಅಥವಾ ಗಾಜು ಇರುತ್ತದೆ, ತಗಡು ಇರುವುದಿಲ್ಲ.

ಫಲಕ ತೆಗೆದ ಮೇಲೆ ಪೆಟ್ಟಿಗೆಗಾಗಿ ಹುಡುಕುವುದಕ್ಕಿಂತ ಕೈಕೆಲಸದ ಗುರುತು ಹುಡುಕಿದರೆ ಬೇಗ ಸಿಗುತ್ತದೆ. ಕಾರ್ಖಾನೆಯ ವೈರಿಂಗ್ ಬಟ್ಟೆಯಂಥ ಮಂಕು ಟೇಪಿನಲ್ಲಿ ಸುತ್ತಿ, ಅಲ್ಲಲ್ಲಿ ಕ್ಲಿಪ್ಪಿನಲ್ಲಿ ಕೂತಿರುತ್ತದೆ. ಆಮೇಲೆ ಹಾಕಿದ್ದರಲ್ಲಿ ಹೊಳೆಯುವ ಇನ್ಸುಲೇಷನ್ ಟೇಪ್, ತುದಿ ಕತ್ತರಿಸಿದ ಕೇಬಲ್ ಟೈ, ಮೂಲ ವೈರಿನ ಮೈಗೆ ಕಚ್ಚಿಸಿದ ಪ್ಲಾಸ್ಟಿಕ್ ಕನೆಕ್ಟರ್ ಕಾಣುತ್ತವೆ. ನನಗೆ ಮೊದಲು ಕಂಡದ್ದು ಅಂಥ ಕನೆಕ್ಟರೇ. ಅದರ ವೈರ್ ಹಿಡಿದು ಹೋದರೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ. ಮೂರು ವೈರ್‌ಗಳು: ಸದಾ ಬ್ಯಾಟರಿ ಕರೆಂಟ್, ಅರ್ಥ್, ಮತ್ತು ಇಗ್ನಿಷನ್ ಆನ್ ಆಯಿತೋ ಇಲ್ಲವೋ ಎಂದು ತಿಳಿಯುವ ಒಂದು. ನಾಲ್ಕನೆಯದೊಂದು ತೆಳು ವೈರ್ ಪಕ್ಕದ ರಿಲೇಗೆ ಹೋಗಿತ್ತು.

ಆ ರಿಲೇ ನೋಡಿದ ಮೇಲೆಯೇ ನನಗೆ ನಿಜವಾಗಿ ಸಿಟ್ಟು ಬಂದದ್ದು. ಸ್ಟಾರ್ಟರ್‌ಗೆ ಹೋಗುವ ವೈರನ್ನು ಕತ್ತರಿಸಿ ಅದರ ಎರಡು ತುದಿಗಳನ್ನು ರಿಲೇ ಮೂಲಕ ಹಾಯಿಸಿದ್ದರು. ದೂರದಿಂದ ಒಂದು ಆದೇಶ ಬಂದರೆ ಕಾರು ಸ್ಟಾರ್ಟ್ ಆಗದು. ಸಾಲದ ಕಂತು ತಪ್ಪಿದವರ ಗಾಡಿ ನಿಲ್ಲಿಸಲೆಂದು ಈ ವ್ಯವಸ್ಥೆ ಬಂದದ್ದು. ನನ್ನ ಕಾರಿಗೆ ಸಾಲವೇ ಇರಲಿಲ್ಲ. ಮಾರಾಟಕ್ಕೆ ನಿಂತ ಗಾಡಿಗಳು ಕಳವಾಗದಂತೆ, ಯಾವುದು ಎಲ್ಲಿದೆ ಎಂದು ತಿಳಿಯುವಂತೆ ಅಂಗಳದ ಎಲ್ಲ ಕಾರಿಗೂ ಒಟ್ಟಿಗೆ ಹಾಕುತ್ತಾರೆ. ಮಾರುವಾಗ ಗ್ರಾಹಕನಿಗೆ ಅದನ್ನೇ ಸುರಕ್ಷತಾ ಸೇವೆಯೆಂದು ಇನ್ನಷ್ಟು ಹಣಕ್ಕೆ ಮಾರಲು ನೋಡುತ್ತಾರೆ. ಗ್ರಾಹಕ ಬೇಡವೆಂದರೆ ಬಿಚ್ಚಲು ಕೆಲಸಗಾರನ ಸಮಯ ಖರ್ಚಾಗುತ್ತದೆಂದು ಹಾಗೇ ಬಿಟ್ಟು ಕಳಿಸುತ್ತಾರೆ.

ಇದು ಬರೀ ಖಾಸಗಿತನದ ಮಾತಾಗಿದ್ದರೂ ನಾನು ಸುಮ್ಮನಿರುತ್ತಿರಲಿಲ್ಲ, ಆದರೆ ಅಪಾಯ ಅದಕ್ಕಿಂತ ದೊಡ್ಡದು. 2010ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ, ಕಾರು ಡೀಲರ್ ಒಬ್ಬರು ಕೆಲಸದಿಂದ ತೆಗೆದಿದ್ದ ಯುವಕ ಸಹೋದ್ಯೋಗಿಯ ಪಾಸ್‌ವರ್ಡ್ ಬಳಸಿ ನೂರಕ್ಕೂ ಹೆಚ್ಚು ಗ್ರಾಹಕರ ಕಾರುಗಳನ್ನು ದೂರದಿಂದಲೇ ಕೆಡಿಸಿದ. ಕೆಲವು ಸ್ಟಾರ್ಟ್ ಆಗಲಿಲ್ಲ, ಕೆಲವು ನಿಲ್ಲದೆ ಹಾರ್ನ್ ಹೊಡೆದವು. 2017ರಲ್ಲಿ ಇಂಥ ಟ್ರ್ಯಾಕಿಂಗ್ ಸಂಸ್ಥೆಯೊಂದರ 5 ಲಕ್ಷಕ್ಕೂ ಹೆಚ್ಚು ದಾಖಲೆಗಳು ಯಾವ ರಕ್ಷಣೆಯೂ ಇಲ್ಲದೆ ಇಂಟರ್ನೆಟ್‌ನಲ್ಲಿ ಬಯಲಾಗಿದ್ದವು, ಪೆಟ್ಟಿಗೆಯನ್ನು ಕಾರಿನ ಯಾವ ಮೂಲೆಯಲ್ಲಿ ಬಚ್ಚಿಟ್ಟಿದೆ ಎಂಬ ಮಾಹಿತಿ ಸಮೇತ. 2022ರ ಜುಲೈನಲ್ಲಿ ಮೈಕೋಡಸ್ ಎಂವಿ720 ಎಂಬ ಟ್ರ್ಯಾಕರ್ ಬಗ್ಗೆ ಅಮೆರಿಕದ ಸೈಬರ್ ಸುರಕ್ಷತಾ ಸಂಸ್ಥೆ ಎಚ್ಚರಿಕೆ ಕೊಟ್ಟಿತು. ಅದರಿಂದ ಕಾರಿಗೆ ಇಂಧನ ಹೋಗುವುದನ್ನೂ ತಡೆಯಬಹುದಿತ್ತು, ಅದರ ಮೂಲ ಪಾಸ್‌ವರ್ಡ್ 123456. ನನ್ನ ಕಾರಿನ ಪೆಟ್ಟಿಗೆಯ ಪಾಸ್‌ವರ್ಡ್ ಯಾರ ಕೈಯಲ್ಲಿದೆ ಎಂದು ಕೇಳುವ ಹಕ್ಕು ನನಗಿಲ್ಲವೇ?

ಸಿಕ್ಕ ತಕ್ಷಣ ವೈರ್ ಕತ್ತರಿಸಲಿಲ್ಲ. ಇದ್ದ ಜಾಗದಲ್ಲೇ ಎಲ್ಲ ಕಡೆಯಿಂದ ಫೋಟೊ ತೆಗೆದೆ. ಪೆಟ್ಟಿಗೆಯ ಚೀಟಿಯ ಮೇಲಿನ 15 ಅಂಕಿಗಳ ಐಎಂಇಐ ಸಂಖ್ಯೆ ಬರೆದುಕೊಂಡೆ. ಟ್ರ್ಯಾಕಿಂಗ್ ಕಂಪನಿ ಸಾಧನವನ್ನು ಗುರುತಿಸುವುದು ಸಾಮಾನ್ಯವಾಗಿ ಅದರಿಂದಲೇ, ಆ ಸಂಖ್ಯೆ ಇಲ್ಲದೆ ಮುಂದೆ ಮಾತಾಡಿ ಪ್ರಯೋಜನವಿಲ್ಲ. ಆಮೇಲೆ ಖರೀದಿಯ ಕಾಗದಗಳನ್ನೆಲ್ಲ ಹರಡಿಕೊಂಡು ಮತ್ತೆ ಓದಿದೆ. ಒಂದು ಕಡೆಯೂ ಟ್ರ್ಯಾಕರ್‌ಗೆ ನನ್ನ ಒಪ್ಪಿಗೆ ಇರಲಿಲ್ಲ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ನಿಮ್ಮ ಕಾರಿನ ಮೇಲೆ ಸಾಲ ಇದ್ದರೆ, ಸಾಲಪತ್ರದಲ್ಲಿ ಟ್ರ್ಯಾಕರ್‌ಗೆ ನೀವು ಸಹಿ ಹಾಕಿ ಒಪ್ಪಿರಬಹುದು. ಅಂಥದ್ದನ್ನು ಕಿತ್ತರೆ ಕರಾರು ಮುರಿದಂತೆ. ಸಾಲ ತೀರುವವರೆಗೆ ಅದನ್ನು ಮುಟ್ಟದೆ, ತೀರಿದ ದಿನವೇ ತೆಗೆಸಿಕೊಳ್ಳಿ.

ಡೀಲರ್ ಕಡೆಯ ಮ್ಯಾನೇಜರ್‌ಗೆ ಫೋನ್ ಮಾಡಿದಾಗ ಬಂದ ಉತ್ತರ ಹೀಗಿತ್ತು: "ಸರ್, ನೀವು ಸಬ್‌ಸ್ಕ್ರಿಪ್ಷನ್ ತಗೊಂಡಿಲ್ವಲ್ಲ, ಹಾಗಾಗಿ ಅದು ಆಫ್ ಆಗಿರುತ್ತೆ. ತಲೆ ಕೆಡಿಸ್ಕೋಬೇಡಿ."

"ಆಫ್ ಆಗಿರೋ ಸಾಧನ ಪದೇ ಪದೇ ಎದ್ದು ಯಾಕೆ ಕರೆಂಟ್ ತಗೊಳ್ತಿದೆ ಸರ್? ಮೀಟರ್ ರೀಡಿಂಗ್‌ನ ವಿಡಿಯೊ ಇದೆ, ಕಳಿಸ್ಲಾ?" ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಟೆಕ್ನಿಕಲ್‌ನವರನ್ನ ಕೇಳಿ ಹೇಳ್ತೀನಿ."

ಇಡೀ ವಿಷಯದ ಗಂಟು ಇರುವುದು ಇಲ್ಲೇ. ಗ್ರಾಹಕ ಹಣ ಕಟ್ಟದಿದ್ದರೆ ಗ್ರಾಹಕನ ಆ್ಯಪ್ ತೆರೆಯುವುದಿಲ್ಲ, ಅಷ್ಟೇ. ಸಿಮ್ ನಿಂತಿದೆ, ಡೀಲರ್‌ನ ಲಾಗಿನ್ ಮುಚ್ಚಿದೆ, ದಾಖಲೆ ಅಳಿಸಿದೆ ಎಂದು ಅದರಿಂದ ಅರ್ಥವಾಗುವುದಿಲ್ಲ. ಮೀಟರ್‌ನಲ್ಲಿ ಕಂಡ ಏರಿಳಿತ ನನಗೆ ತಿಳಿಸಿದ್ದು ಮೋಡೆಮ್ ಏಳುತ್ತಿದೆ ಎಂಬುದನ್ನು ಮಾತ್ರ. ಆ ಕಡೆ ಏನು ಶೇಖರವಾಗಿದೆ ಎಂದು ಹೇಳಬೇಕಾದವರು ಅವರು. ಹಾಗಾಗಿ ಫೋನ್ ಸಾಕು ಮಾಡಿ ಬರವಣಿಗೆಯಲ್ಲಿ ಕೇಳಿದೆ. ಈ ಐಎಂಇಐ ಮತ್ತು ಈ ಚಾಸಿಸ್ ಸಂಖ್ಯೆಯ ಖಾತೆ ಯಾರ ಹೆಸರಿನಲ್ಲಿದೆ? ಯಾರ್‍ಯಾರು ಅದನ್ನು ತೆರೆದು ನೋಡಬಲ್ಲರು? ಮಾರಾಟದ ದಿನದಿಂದ ಇಂದಿನವರೆಗಿನ ಓಡಾಟದ ದಾಖಲೆ ಇದೆಯೇ? ಸಾಧನವನ್ನು ನಿಷ್ಕ್ರಿಯಗೊಳಿಸಿ, ದಾಖಲೆ ಅಳಿಸಿ, ಹಾಗೆ ಮಾಡಿದ್ದಾಗಿ ಟ್ರ್ಯಾಕಿಂಗ್ ಕಂಪನಿಯ ಕಡೆಯಿಂದಲೇ ಪತ್ರ ಕೊಡಿಸಿ. ಕೊನೆಯದಕ್ಕೆ ನಾನು ಪಟ್ಟು ಹಿಡಿದೆ, ಏಕೆಂದರೆ ಡೀಲರ್ ಬರೆದುಕೊಟ್ಟರೂ ಸರ್ವರ್ ಇರುವುದು ಅವರ ಬಳಿಯಲ್ಲ. ಹಲವು ಸಲ ನೆನಪಿಸಿದ ಮೇಲೆ ಪತ್ರ ಬಂತು. ಮಾರಾಟದ ನಂತರವೂ ಸಾಧನ ಡೀಲರ್‌ನ ದಾಸ್ತಾನು ಪಟ್ಟಿಯಲ್ಲೇ ಚಾಲ್ತಿಯಲ್ಲಿತ್ತು ಎಂದು ಅದರಲ್ಲೇ ಇತ್ತು.

ಬಿಚ್ಚುವ ಕೆಲಸ ತಿಳಿದವರಿಗೆ ಸಲೀಸು, ತಿಳಿಯದವರು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು. ಸ್ಟೀರಿಂಗ್ ಸುತ್ತ ಹಳದಿ ಕನೆಕ್ಟರ್‌ಗಳು ಕಂಡರೆ ಅವು ಏರ್‌ಬ್ಯಾಗಿನವು, ಮುಟ್ಟಬಾರದು. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಾರಿನ ಕೈಪಿಡಿ ಹೇಳುವಷ್ಟು ಹೊತ್ತು ಕಾದು ಶುರುಮಾಡಿದೆ. ರಿಲೇಯನ್ನು ಕಿತ್ತು ಎಸೆದರೆ ಸ್ಟಾರ್ಟರ್ ವೈರ್ ತುಂಡಾಗಿಯೇ ಉಳಿದು ಕಾರು ಸ್ಟಾರ್ಟ್ ಆಗುವುದಿಲ್ಲ. ಕತ್ತರಿಸಿದ ಎರಡು ತುದಿಗಳನ್ನು ಅಷ್ಟೇ ದಪ್ಪದ ತುಂಡು ವೈರಿನಿಂದ ಸೇರಿಸಿ, ಕ್ರಿಂಪ್ ಮಾಡಿ (ಲೋಹದ ತೋಳಿನಲ್ಲಿ ಒತ್ತಿ ಬಿಗಿದು), ಬಿಸಿಗೆ ಕುಗ್ಗಿ ಅಂಟುವ ಹೀಟ್ ಶ್ರಿಂಕ್ ಕೊಳವೆ ಹಾಕಿದೆ. ಬರೀ ತಿರುಚಿ ಟೇಪ್ ಸುತ್ತಿದ ಜೋಡಣೆಯನ್ನು ಸ್ಟಾರ್ಟರ್ ಸಾಲಿನಲ್ಲಿ ನಾನು ಯಾರ ಕಾರಿನಲ್ಲೂ ಉಳಿಸುವುದಿಲ್ಲ. ಕಚ್ಚುವ ಕನೆಕ್ಟರ್ ತೆಗೆದ ಜಾಗದಲ್ಲಿ ತಾಮ್ರದ ಎಳೆಗಳು ಗಾಯವಾಗಿರುತ್ತವೆ, ಅಲ್ಲೂ ಅಷ್ಟು ಭಾಗ ಕತ್ತರಿಸಿ ಹೊಸದಾಗಿ ಸೇರಿಸಬೇಕು. ಪೆಟ್ಟಿಗೆಯೊಳಗೆ ಪುಟ್ಟ ಬ್ಯಾಟರಿ ಇರುವುದರಿಂದ ವೈರ್ ಕಿತ್ತ ಮೇಲೂ ಅದು ಸ್ವಲ್ಪ ಕಾಲ ಕೆಲಸ ಮಾಡಬಲ್ಲದು. "ಯಾರೋ ವೈರ್ ಕಿತ್ತರು" ಎಂಬ ಸಂದೇಶವನ್ನೂ ಕಳಿಸಬಲ್ಲದು. ಡೀಲರ್‌ಗೆ ಮೊದಲೇ ಬರೆದು ತಿಳಿಸಿದ್ದಕ್ಕೆ ಇದೂ ಒಂದು ಕಾರಣ. ಕೊನೆಗೆ ಮತ್ತೆ ಮೀಟರ್ ಇಟ್ಟು ಕಾದೆ. ಏರಿಳಿತ ಮಾಯವಾಗಿತ್ತು. ಪೆಟ್ಟಿಗೆಯನ್ನು ಡೀಲರ್‌ಗೇ ಒಪ್ಪಿಸಿ, ಐಎಂಇಐ ನಮೂದಿಸಿದ ರಸೀದಿ ಪಡೆದೆ.

ರೇಡಿಯೊ ಸಂಕೇತ ಹಿಡಿಯುವ ಡಿಟೆಕ್ಟರ್ ಕೊಳ್ಳಬಹುದೇ ಎಂದು ಬಹಳ ಜನ ಕೇಳುತ್ತಾರೆ. ಜಿಪಿಎಸ್ ಭಾಗ ಕೇಳಿಸಿಕೊಳ್ಳುತ್ತದೆ ಅಷ್ಟೇ, ಏನನ್ನೂ ಪ್ರಸಾರ ಮಾಡುವುದಿಲ್ಲ, ಅದನ್ನು ಯಾವ ಡಿಟೆಕ್ಟರೂ ಹಿಡಿಯಲಾರದು. ಪ್ರಸಾರ ಮಾಡುವುದು ಮೋಡೆಮ್, ಅದೂ ಎದ್ದಾಗ ಮಾತ್ರ. ನಿಂತ ಕಾರಿನಲ್ಲಿ ಅದು ಮಲಗಿರುವ ಹೊತ್ತಿನಲ್ಲಿ ಹುಡುಕಿದರೆ ಏನೂ ಇಲ್ಲ ಎಂಬ ಸುಳ್ಳು ಧೈರ್ಯ ಬರುತ್ತದೆ. ಫೋನ್‌ಗಳು ಕೊಡುವ ಎಚ್ಚರಿಕೆಯೂ ಬೇರೆ: 2024ರ ಮೇ ತಿಂಗಳಿಂದ ಐಫೋನ್ ಮತ್ತು ಆಂಡ್ರಾಯ್ಡ್ ಎರಡೂ ಹಿಂಬಾಲಿಸುವ ಬ್ಲೂಟೂತ್ ಟ್ಯಾಗ್‌ಗಳ ಬಗ್ಗೆ ಎಚ್ಚರಿಸುತ್ತವೆ, ಸಿಮ್ ಇರುವ ಟ್ರ್ಯಾಕರ್ ಅವುಗಳ ಕಣ್ಣಿಗೆ ಬೀಳುವುದಿಲ್ಲ. ಟಾರ್ಚು, ಮೀಟರು, ತಾಳ್ಮೆ ಇವುಗಳ ಮೇಲೆ ನನಗೆ ಹೆಚ್ಚು ನಂಬಿಕೆ.

ಕಾರ್ಖಾನೆಯಿಂದಲೇ ಬಂದ ಸಂಪರ್ಕ ವ್ಯವಸ್ಥೆಯನ್ನು ಹೀಗೆ ಕೀಳಬಾರದು. ಉದಾಹರಣೆಗೆ ಯುರೋಪಿಯನ್ ಒಕ್ಕೂಟದಲ್ಲಿ 2018ರ ಮಾರ್ಚ್ 31ರಿಂದ ಹೊಸ ಮಾದರಿಯ ಕಾರುಗಳಿಗೆ ಕಡ್ಡಾಯವಾಗಿರುವ ಇ-ಕಾಲ್, ಅಪಘಾತವಾದಾಗ ತಾನೇ ತುರ್ತು ಕರೆ ಮಾಡುತ್ತದೆ. ಅದು ಜೀವ ಉಳಿಸುವ ವ್ಯವಸ್ಥೆ. ಸೆಕೆಂಡ್ ಹ್ಯಾಂಡ್ ಕಾರಾದರೆ ನೋಡಬೇಕಾದದ್ದು ಹಳೆಯ ಮಾಲೀಕರ ಆ್ಯಪ್ ಇನ್ನೂ ಜೋಡಣೆಯಾಗಿದೆಯೇ ಎಂಬುದು. ಪರದೆಯ ಸೆಟ್ಟಿಂಗ್ಸ್‌ನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿ, ತಯಾರಕರ ಗ್ರಾಹಕ ಸೇವೆಗೆ ಹೇಳಿ ಮಾಲೀಕತ್ವ ಬದಲಿಸಿಕೊಂಡರೆ ಬಾಗಿಲಿನ ಲಾಕ್ ತೆಗೆಯುವ ಅಧಿಕಾರವೂ ಅವರ ಫೋನಿನಿಂದ ಹೋಗುತ್ತದೆ.

ಈಗ ಕಾರು ಕೊಳ್ಳುವವರು ನನ್ನನ್ನು ಕೇಳಿದರೆ, ಹಣ ಕಟ್ಟುವ ಮೊದಲೇ ಒಂದು ಸಾಲು ಬರೆಸಿಕೊಳ್ಳಿ ಎನ್ನುತ್ತೇನೆ: "ಈ ವಾಹನದಲ್ಲಿ ನಾವು ಅಳವಡಿಸಿದ ಯಾವುದೇ ಟ್ರ್ಯಾಕಿಂಗ್ ಅಥವಾ ಸ್ಟಾರ್ಟ್ ತಡೆಯುವ ಸಾಧನ ಇಲ್ಲ, ಇದ್ದರೆ ಅದರ ಐಎಂಇಐ ಇದು." ಕಳ್ಳತನದ ಭಯಕ್ಕೆ ಟ್ರ್ಯಾಕರ್ ಬೇಕು ಎನ್ನುವವರೂ ಇದ್ದಾರೆ, ಅದರಲ್ಲಿ ತಪ್ಪೇನಿಲ್ಲ. ಅವರಿಗೆ ಖಾತೆಯನ್ನು ಅವರದೇ ಹೆಸರಿಗೆ ಮಾಡಿಸಿ, ಪಾಸ್‌ವರ್ಡ್ ಬದಲಿಸಿ, ಡೀಲರ್‌ನ ಲಾಗಿನ್ ತೆಗೆಸಿ, ಸ್ಟಾರ್ಟರ್ ಸಾಲಿನ ರಿಲೇಯನ್ನು ಮಾತ್ರ ಬಿಚ್ಚಿಕೊಡುತ್ತೇನೆ. ವಿಮೆಯಲ್ಲಿ ಟ್ರ್ಯಾಕರ್ ಲೆಕ್ಕಕ್ಕೆ ರಿಯಾಯಿತಿ ಪಡೆದಿದ್ದರೆ, ತೆಗೆಸುವ ಮುನ್ನ ವಿಮಾ ಕಂಪನಿಗೂ ತಿಳಿಸಬೇಕು.